ತಾನಾಗಿ ಬಿಟ್ಟ ಕೆಲಸ

ಕೆಲಸ ಕಳೆದುಕೊಂಡವನಿಗೆ ಕೆಲಕಾಲ ಭತ್ಯವನ್ನು ಕೊಡುವ ಪದ್ಧತಿಯು ಅಮೆರಿಕದಲ್ಲಿ 1935ರ ಸಾಮಾಜಿಕ ಭದ್ರತಾ ಶಾಸನದಿಂದ ದೇಶವ್ಯಾಪಿಯಾಗಿ ನೆಲೆಗೊಂಡಿತು. ತಕ್ಕ ಕಾರಣವಿಲ್ಲದೆ ತಾನಾಗಿ ಕೆಲಸ ಬಿಟ್ಟವನಿಗೆ ಅದು ಸಲ್ಲದು. ನಿಯಮವೇನೋ ನ್ಯಾಯವಾದುದೇ; ಸೋಮಾರಿತನವನ್ನು ಸಾಕಲು ಆ ನಿಧಿ ಹುಟ್ಟಲಿಲ್ಲ. ಆದರೆ ‘ತಾನಾಗಿ’ ಎಂಬ ಮಾತಿನ ಅರ್ಥವೇನು?

ಇಂಡಿಯಾನಾ ಸಂಸ್ಥಾನದ ಥಾಮಸ್ ಎಂಬ ಕಾರ್ಮಿಕನು ಉಕ್ಕಿನ ತಗಡು ತಯಾರಿಸುವ ವಿಭಾಗದಲ್ಲಿದ್ದನು. ಅದು ಮುಚ್ಚಲು, ಅವನನ್ನು ಯುದ್ಧದ ಟ್ಯಾಂಕುಗಳ ಫಿರಂಗಿಗೂಡು ಮಾಡುವಲ್ಲಿಗೆ ಕಳುಹಿಸಿದರು. ಕೊಲ್ಲುವ ಸಾಧನವನ್ನು ಕೈಯಾರೆ ಮಾಡುವುದು ಅವನ ಧರ್ಮಕ್ಕೆ ಒಗ್ಗಲಿಲ್ಲ. ಉಳಿದ ವಿಭಾಗಗಳಲ್ಲಿಯೂ ಆಯುಧದ ಕೆಲಸವೇ. ಅವನು ದುಡಿಯಲೊಲ್ಲದವನಲ್ಲ, ತಾವೇ ಕೆಲಸದಿಂದ ಬಿಡಿಸಿರೆಂದು ಯಜಮಾನರನ್ನು ಬೇಡಿದನು, ಅವರು ಒಪ್ಪದಿರಲು ಬಿಟ್ಟು ನಡೆದನು. ಸಂಸ್ಥಾನದವರು ಭತ್ಯವನ್ನು ನಿರಾಕರಿಸಿದರು.

ಅವನ ಮತದವನೇ ಆದ ಜೊತೆಗಾರನೊಬ್ಬನು ಆ ಕೆಲಸದಲ್ಲಿ ದೋಷವಿಲ್ಲವೆಂದಿದ್ದನು. ಇಲ್ಲಿಯೇ ತೊಡಕು. ಒಬ್ಬನ ಅಂತಃಸಾಕ್ಷಿಗೆ ಇನ್ನೊಬ್ಬನದು ಅಳತೆಗೋಲಾದೀತೆ? ಆಗದೆಂದು 1981ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಒಂಬತ್ತು ನ್ಯಾಯಾಧೀಶರಲ್ಲಿ ಎಂಟು ಮಂದಿ ಥಾಮಸನ ಪಕ್ಷವನ್ನೇ ಎತ್ತಿಹಿಡಿದರು. ನಂಬಿಕೆಯನ್ನು ಬಿಡು, ಇಲ್ಲವೆ ಅನ್ನವನ್ನು ಬಿಡು ಎಂಬ ಒತ್ತಡವಿರುವಲ್ಲಿ, ಬಿಟ್ಟವನು ತಾನಾಗಿ ಬಿಟ್ಟನೆನ್ನುವುದು ಹೇಗೆ?

ಆದರೂ ಆ ರಕ್ಷಣೆಯು ಧರ್ಮದಲ್ಲಿ ಬೇರೂರಿದ ನಂಬಿಕೆಗೆ ಮಾತ್ರ. ಯಾವ ಮತವನ್ನೂ ಹೇಳಿಕೊಳ್ಳದೆ, ಕೊಲೆಯ ಸಾಧನವನ್ನು ಮಾಡಲಾರೆನೆಂದು ಎದ್ದು ಬಂದವನಿಗೆ ಆ ತೀರ್ಪಿನಲ್ಲಿ ಆಸರೆಯಿಲ್ಲ. ಅವನ ಮನೆಯ ಒಲೆಯೂ ಅಷ್ಟೇ ತಣ್ಣಗಾಗುತ್ತದೆ.