ದಾಸೋಹವೋ? ಆಮಿಷವೋ?

ಅನ್ನವನ್ನು ನೀಡುವ ಕೈ ಒಂದೇ ಆದರೂ ನೀಡುವ ಭಾವ ಒಂದೇ ಅಲ್ಲ. ಹಸಿದವನಿಗೆ ಇಕ್ಕಿದ ತುತ್ತು ಕರುಣೆ. ಬಂದ ಜಂಗಮಕ್ಕೆ ಸಲ್ಲಿಸಿದ ತುತ್ತು ದಾಸೋಹ. ಮೀನಿಗೆಂದು ಗಾಳದ ತುದಿಗೆ ಸಿಕ್ಕಿಸಿದ ತುತ್ತು ಆಮಿಷ. ಸಂಸ್ಕೃತದಲ್ಲಿ ಆಮಿಷವೆಂಬ ಶಬ್ದದ ಮೊದಲ ಅರ್ಥ ಮಾಂಸ. ತಿನ್ನುವ ವಸ್ತುವಿನ ಹೆಸರಾಗಿದ್ದ ಆ ಶಬ್ದವೇ ಮುಂದೆ ಮರುಳುಗೊಳಿಸುವ ಲಾಭಕ್ಕೂ ಲಂಚಕ್ಕೂ ಹೆಸರಾಯಿತು. ಆಹಾರವು ಎಷ್ಟು ಸುಲಭವಾಗಿ ಬಲೆಯಾಗಬಲ್ಲುದೆಂಬುದಕ್ಕೆ ಈ ಶಬ್ದವೇ ಸಾಕ್ಷಿ.

ಹೊಸಪೇಟೆ, ಕಂಪ್ಲಿ, ಸಂಡೂರುಗಳಂತಹ ಊರುಗಳಲ್ಲಿ ನಾಲ್ಕಾರು ಜನರ ದುಡಿಮೆಯಿಂದ ನಡೆಯುವ ಮುದ್ರಣಾಲಯ, ಹೊಲಿಗೆಯ ಅಂಗಡಿ, ಲೇತಿನ ಕಾರ್ಖಾನೆಗಳುಂಟು. ಮಹಾನವಮಿಯ ಆಯುಧಪೂಜೆಯಂದು ಇಂತಹ ಸ್ಥಳಗಳಲ್ಲಿ ಯಂತ್ರಗಳನ್ನು ತೊಳೆದು, ಹೂವೇರಿಸಿ, ಮಂಡಕ್ಕಿ ಸಿಹಿಗಳನ್ನು ಎಲ್ಲರಿಗೂ ಹಂಚುವುದು ವಾಡಿಕೆ. ಹಬ್ಬದ ಆ ಹಂಚಿಕೆಯಲ್ಲಿ ದೋಷವೆಣಿಸುವವರಿಲ್ಲ. ಆದರೆ ಹಬ್ಬವಲ್ಲದ ದಿನಗಳಲ್ಲಿಯೂ ಯಜಮಾನನು ಮನೆಯ ಹೆಂಚಿನ ಮೇಲೆ ಬೇಯಿಸಿದ ಶೇಂಗಾ ಹೋಳಿಗೆಯನ್ನೋ, ಮನೆಯಲ್ಲಿಯೇ ಮಾಡಿದ ಕೇಕು ಬಿಸ್ಕತ್ತುಗಳನ್ನೋ ತಂದು ಕೆಲಸಗಾರರ ಮುಂದಿಡುವುದುಂಟು. ಅದರಿಂದ ಕೆಲಸದಲ್ಲಿ ಹುರುಪು ಹೆಚ್ಚುವುದೆಂಬುದು ಅವನ ಎಣಿಕೆ. ಹೆಚ್ಚು ದುಡಿಸುವ ಉದ್ದೇಶದಿಂದ ನೀಡಿದ ಇಂತಹ ತಿನಿಸು ದಾಸೋಹವೆನಿಸೀತೇ ಎಂಬುದು ಇಲ್ಲಿ ವಿಚಾರಣೀಯವಾದ ವಿಷಯ.

ಇದರಲ್ಲಿ ತಪ್ಪೇನಿದೆಯೆಂದು ಕೇಳುವವರುಂಟು. ಕೆಲಸಗಾರನಿಗೆ ರುಚಿಯಾದ ತಿಂಡಿ ದೊರೆಯಿತು, ಯಜಮಾನನಿಗೆ ಕೆಲಸ ದೊರೆಯಿತು, ಇಬ್ಬರಿಗೂ ಹಿತವಾಯಿತು. ಇನ್ನು ಉದ್ದೇಶವನ್ನು ಕೆದಕುವುದೇಕೆ ಎಂಬುದು ಅವರ ವಾದ. ಈ ವಾದವು ಒಂದಂಶವನ್ನು ಮರೆಯುತ್ತದೆ. ಅಂಗಡಿಯ ಸಿಹಿಗೆ ಬೆಲೆಯುಂಟು. ಮನೆಯ ಸಿಹಿಗೆ ಬೆಲೆ ಕಟ್ಟಲಾಗದು. ಬೆಲೆ ಕಟ್ಟಲಾಗದ್ದರ ಋಣವನ್ನು ತೀರಿಸುವುದೂ ಕಷ್ಟ. ಉಂಡ ಮನೆಗೆ ಎರಡು ಬಗೆಯಬಾರದೆಂಬುದು ನಮ್ಮ ನಾಡಿನ ನಂಬಿಕೆ. ಮಧ್ಯಾಹ್ನ ಹೋಳಿಗೆಯನ್ನುಂಡ ಬಡ ಕೆಲಸಗಾರನು ಸಂಜೆ ಇನ್ನೆರಡು ಗಂಟೆ ನಿಲ್ಲೆಂದಾಗ ಇಲ್ಲವೆನ್ನಲಾರ. ಬಾಕಿ ಉಳಿದ ಕೂಲಿಯನ್ನು ಕೇಳಲೂ ನಾಚುವನು. ಹೀಗೆ ಅವನ ಸದ್ಗುಣವೇ ಅವನಿಗೆ ಸಂಕೋಲೆಯಾಗುವುದು.

ಕೂಲಿಯ ಸ್ಥಾನವನ್ನು ತಿನಿಸು ಆಕ್ರಮಿಸಬಾರದೆಂಬ ವಿವೇಕ ಲೋಕಕ್ಕೆ ಹೊಸದಲ್ಲ. ಕೂಲಿಗೆ ಬದಲಾಗಿ ದಿನಸಿಯನ್ನು ಕೊಡುವ ಪದ್ಧತಿಯನ್ನು ತಡೆಯಲು ಇಂಗ್ಲೆಂಡಿನಲ್ಲಿ 1831ರಲ್ಲಿ ಕಾಯಿದೆಯಾಯಿತು. ಭಾರತದ 1948ರ ಕನಿಷ್ಠ ವೇತನ ಕಾಯಿದೆಯೂ ಕನಿಷ್ಠ ಕೂಲಿಯನ್ನು ಹಣದ ರೂಪದಲ್ಲಿಯೇ ಸಲ್ಲಿಸಬೇಕೆಂಬುದನ್ನು ಸಾಮಾನ್ಯ ನಿಯಮವನ್ನಾಗಿ ವಿಧಿಸಿತ್ತು. ಆದರೆ ಕಾಯಿದೆಯು ಕೈಯನ್ನು ನೋಡಬಲ್ಲುದೇ ಹೊರತು ಮನಸ್ಸನ್ನಲ್ಲ. ಮನಸ್ಸನ್ನು ನೋಡಿದವರು ಹನ್ನೆರಡನೆಯ ಶತಮಾನದ ಶರಣರು.

ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಕಲ್ಯಾಣದಲ್ಲಿ ಕಟ್ಟಿಗೆ ಮಾರುವ ಕಾಯಕವನ್ನು ಕೈಕೊಂಡ ಮೋಳಿಗೆಯ ಮಾರಯ್ಯನವರ ಮನೆಗೆ ಬಸವಣ್ಣನವರು ಜಂಗಮವೇಷದಿಂದ ಬಂದು, ಅಂಬಲಿಯನ್ನು ಸವಿದು, ಗುಟ್ಟಾಗಿ ಹೊನ್ನನ್ನಿಟ್ಟು ಹೋದರೆಂದು ಶರಣಚರಿತೆಗಳು ಹೇಳುತ್ತವೆ. ಮಾರಯ್ಯನವರು ಆ ಹೊನ್ನನ್ನು ತಮ್ಮಲ್ಲಿ ಇರಗೊಡದೆ ಜಂಗಮರಿಗೆ ಒಪ್ಪಿಸಿಬಿಟ್ಟರು. ನೀಡಿದ ಅಂಬಲಿಗೆ ಪ್ರತಿಫಲ ಬಂದರೆ ದಾಸೋಹವು ವ್ಯಾಪಾರವಾಗುವುದೆಂದು ಅವರು ಅರಿತಿದ್ದರು. ಆಯ್ದಕ್ಕಿ ಲಕ್ಕಮ್ಮನವರಾದರೋ, ಪತಿ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದರು. ನೀಡುವವನು ಫಲವನ್ನು ಬಯಸಬಾರದು, ದುಡಿಯುವವನು ಕಾಯಕಕ್ಕೆ ಮಿಗಿಲಾದುದನ್ನು ಬಯಸಬಾರದು ಎಂಬ ಎರಡು ನೀತಿಗಳೂ ಈ ಎರಡು ಕಥೆಗಳಲ್ಲಿ ತುಂಬಿವೆ.

ಇಲ್ಲಿ ಮರೆಯಬಾರದ ಮತ್ತೊಂದು ಸಂಗತಿಯಿದೆ. ಯಜಮಾನನು ತಂದ ಹೋಳಿಗೆಯನ್ನು ಬಹುಮಟ್ಟಿಗೆ ಅವನು ಮಾಡಿದವನಲ್ಲ. ಬೆಳಗಿನ ಜಾವದಲ್ಲಿ ಎದ್ದು ಶೇಂಗಾ ಹುರಿದು, ಬೆಲ್ಲ ಕುಟ್ಟಿ, ಕಣಕ ನಾದಿದವಳು ಗೃಹಿಣಿ. ಅವಳ ಶ್ರಮದಿಂದ ಪತಿಯು ಉದಾರಿಯೆನಿಸುತ್ತಾನೆ; ಅವಳ ಹೆಸರನ್ನು ಎತ್ತುವವರಿಲ್ಲ. ಒಲೆಯ ಮುಂದಿನ ದುಡಿಮೆಯೂ ಕಾಯಕವೇ ಆಗಿರುವಾಗ, ಅವಳ ಇಚ್ಛೆಯನ್ನು ಕೇಳದೆ ಅವಳ ಬೆವರನ್ನು ಹಂಚಿದವನು ಯಾವ ಪುಣ್ಯವನ್ನು ಗಳಿಸಿದಂತಾಯಿತು?

ಹಾಗಾದರೆ ದುಡಿಯುವವರೊಡನೆ ತಿಂಡಿಯನ್ನು ಹಂಚಿಕೊಳ್ಳಲೇಬಾರದೇ? ಅದು ಶರಣರ ಮತವಲ್ಲ. ದಾಸೋಹವೆಂಬುದು ‘ದಾಸಃ ಅಹಂ’ ಎಂಬುದರಿಂದ ಬಂದ ಮಾತು. ನೀಡುವವನು ತಾನು ಸೇವಕನೆಂದು ಬಗೆದಾಗಲೇ ಅದು ದಾಸೋಹ. ಒಡೆಯನೆಂಬ ಭಾವ ಉಳಿದರೆ ಅದು ಬರಿಯ ದಾನ. ಲಾಭದ ಲೆಕ್ಕ ಸೇರಿದರೆ ಆಮಿಷ. ಇದನ್ನು ತಿಳಿಯಲು ಸುಲಭವಾದ ಒರೆಗಲ್ಲುಗಳುಂಟು. ಕೂಲಿಯು ನ್ಯಾಯವಾಗಿ, ಹೊತ್ತಿಗೆ ಸರಿಯಾಗಿ ಸಂದಿದೆಯೇ? ಕೆಲಸ ಕುಂಟಿದ ದಿನವೂ ಬುತ್ತಿ ಬಿಚ್ಚುವುದೇ? ಚುರುಕಾದವನಿಗೂ ನಿಧಾನಿಗೂ ಪಾಲು ಸಮವೇ? ಬೇಡವೆಂದವನ ಮೇಲೆ ಮುನಿಸಿಲ್ಲವೇ? ನೀಡಿದವನೂ ಅದೇ ಸಾಲಿನಲ್ಲಿ ಕುಳಿತು ಉಣ್ಣುವನೇ?

ಹಂಪೆಯಲ್ಲಿ ಭೋಜನಶಾಲೆಯೆಂದು ಕರೆಯುವ ಸ್ಥಳದಲ್ಲಿ, ನೀರು ಹರಿಯಲೆಂದು ಮಾಡಿದ ಕಾಲುವೆಯ ಎರಡು ಬದಿಗಳಲ್ಲಿಯೂ ಕಲ್ಲಿನಲ್ಲಿ ಕೊರೆದ ಊಟದ ತಟ್ಟೆಗಳ ಸಾಲುಗಳಿವೆ. ಅನ್ನಕ್ಕೂ ವ್ಯಂಜನಗಳಿಗೂ ಅವುಗಳಲ್ಲಿ ಬೇರೆ ಬೇರೆ ಗುಳಿಗಳುಂಟು. ಅಲ್ಲಿ ಕುಳಿತವರು ಒಬ್ಬರ ಮುಖವನ್ನೊಬ್ಬರು ನೋಡುತ್ತ ಉಣ್ಣಬೇಕು. ಚಿಕ್ಕ ಕಾರ್ಖಾನೆಯ ಯಜಮಾನನಿಗೂ ಇದು ತಕ್ಕ ಪಾಠ. ಕೊಡಬೇಕಾದ ಕೂಲಿಯನ್ನು ಕೊಟ್ಟು, ಕೆಲಸಗಾರನ ಕಣ್ಣನ್ನು ನೋಡುತ್ತ ಅವನೊಡನೆ ರೊಟ್ಟಿ ಮುರಿಯಬಲ್ಲವನ ಮನೆಯ ತಿನಿಸು ಪ್ರಸಾದವಾಗುವುದು. ಆಗ ಹುರುಪು ಬಂದರೆ ಬರಲಿ. ಬಾರದಿದ್ದರೂ ನೀಡಿದ ತುತ್ತು ವ್ಯರ್ಥವಾಗದು.