ಊಟ ತನ್ನಿಚ್ಛೆ, ನೋಟ ಪರರಿಚ್ಛೆ

“ಒಕ್ಕರೇನಾ ಮೇಡಂ?” ಎಂದ ಸಪ್ಲೈಯರ್ ಹುಡುಗ. “ಹೂಂನಪ್ಪ, ಒಬ್ಬಳೇ” ಎಂದೆ. ಹಿಂದೂಪುರದಲ್ಲಿ ತೆಲುಗಿನ ಪ್ರಶ್ನೆಗೆ ಕನ್ನಡದ ಉತ್ತರ ದಿನಾ ನಡೆಯುವ ವ್ಯವಹಾರ, ಅದಕ್ಕೆ ಅವನೇನೂ ಬೆರಗಾಗಲಿಲ್ಲ. ‘ಒಬ್ಬಳೇ’ ಎಂಬುದು ಮಾತ್ರ ಅವನಿಗೆ ಸರಿಹೋಗಲಿಲ್ಲ. ಒಳಗಿನ ಫ್ಯಾಮಿಲಿ ರೂಮಿನ ಕಡೆ ಕೈ ತೋರಿಸಿದ. ನಾನು ಬೀದಿ ಕಾಣುವ ಟೇಬಲ್ಲಿನಲ್ಲೇ ಕೂತೆ.

ಅವತ್ತು ಮೇ 31. ಮಾರನೆಯ ದಿನ ನನಗೆ 62 ತುಂಬುತ್ತಿತ್ತು. ಅಂದರೆ ಅವತ್ತೇ ನೌಕರಿಯ ಕೊನೆಯ ದಿನ. ಸರ್ಕಾರಿ ಲೆಕ್ಕದಲ್ಲಿ ಹುಟ್ಟಿದ ತಿಂಗಳ ಕಡೆಯ ದಿನ ನಿವೃತ್ತಿ. ಒಂದನೇ ತಾರೀಕು ಹುಟ್ಟಿದವರನ್ನು ಮಾತ್ರ ಹಿಂದಿನ ತಿಂಗಳ ಕೊನೆಗೇ ಕಳಿಸಿಬಿಡುತ್ತಾರೆ. ಆಂಧ್ರದಲ್ಲಿ 2022ರಲ್ಲಿ ನಿವೃತ್ತಿ ವಯಸ್ಸು 60ರಿಂದ 62ಕ್ಕೆ ಏರಿತಲ್ಲ, ಅದರಿಂದ ಎರಡು ವರ್ಷ ಹೆಚ್ಚಿಗೆ ದಕ್ಕಿದ್ದೇ ಲಾಭ. ಶಾಲೆಗೆ ಬೇಸಿಗೆ ರಜೆ. ಹಾರ ಹಾಕಲು ಮಕ್ಕಳಿಲ್ಲ, ಭಾಷಣಕ್ಕೆ ಜನರಿಲ್ಲ. ಸಹಿ ಮಾಡಿ, ಬೀರುವಿನ ಬೀಗದ ಕೈ ಒಪ್ಪಿಸಿ ಬೀದಿಗೆ ಬಂದರೆ ಹಸಿವು.

ಆಗ ನೆನಪಾದದ್ದು ಅಮ್ಮ ಹೇಳುತ್ತಿದ್ದ ಗಾದೆ: ಊಟ ತನ್ನಿಚ್ಛೆ, ನೋಟ ಪರರಿಚ್ಛೆ. ಗಾದೆ ವಿಸ್ತರಿಸಿ ಎಂದರೆ ಮಕ್ಕಳು ಬರೆಯುವ ಅರ್ಥ ಒಂದೇ. ತಿನ್ನುವುದು ನಮ್ಮ ನಾಲಿಗೆಗೆ ಹಿಡಿಸುವಂತಿರಲಿ, ಉಡುವುದು ನಾಲ್ಕು ಜನ ಮೆಚ್ಚುವಂತಿರಲಿ. ನಾನೂ ಅದಕ್ಕೇ ಪೂರ್ತಿ ಅಂಕ ಕೊಟ್ಟವಳು. ಗಾದೆಯ ಭಾರವೆಲ್ಲ ಎರಡನೇ ಅರ್ಧದಲ್ಲಿದೆ, ಮೊದಲರ್ಧ ಪ್ರಾಸಕ್ಕೆ ಜೊತೆ ಬಂದದ್ದು ಎಂದೇ ಎಣಿಸಿದ್ದೆ. ಆದರೆ ಕಷ್ಟದ ಮಾತು ಇರುವುದು ಮೊದಲರ್ಧದಲ್ಲೇ.

ಪಾವಗಡ ದಾಟಿದರೆ ಕಲ್ಯಾಣದುರ್ಗದ ಸೀಮೆ. ನಮ್ಮ ಹಳ್ಳಿ ಅಲ್ಲಿಯದು. ಆ ಮನೆಯಲ್ಲಿ ತನ್ನಿಚ್ಛೆಯ ಊಟ ಯಾರದಿತ್ತು? ಸಂತೆಗೆ ಹೋದ ಅಪ್ಪ ಕಲ್ಯಾಣದುರ್ಗದ ಹೋಟೆಲಿನಲ್ಲಿ ಉಗ್ಗಾನಿ, ಮೆಣಸಿನಕಾಯಿ ಬಜ್ಜಿ ತಿಂದು, ನಮಗೂ ಪೇಪರಿನಲ್ಲಿ ಕಟ್ಟಿಸಿ ತರುತ್ತಿದ್ದ. (ಬಳ್ಳಾರಿಯವರು ಒಗ್ಗರಣೆ ಎನ್ನುವ ಮಂಡಕ್ಕಿಯೇ ನಮ್ಮ ಉಗ್ಗಾನಿ.) ಅಮ್ಮ ಒಂದು ದಿನವೂ ಹೋಟೆಲಿನ ಬೆಂಚಿನ ಮೇಲೆ ಕೂತವಳಲ್ಲ. ಮನೆಯಲ್ಲಿ ಮೊದಲು ಗಂಡಸರು, ಆಮೇಲೆ ಮಕ್ಕಳು, ಕಡೆಗೆ ಅವಳು. ತಳ ಹಿಡಿದ ಹಿಟ್ಟನ್ನು ಕೆರೆದು, ನೀರು ಮಜ್ಜಿಗೆ ಬೆರೆಸಿಕೊಂಡು ಕುಡಿಯುವಳು. ಗಾದೆ ಹೇಳುತ್ತಿದ್ದವಳಿಗೇ ಅದು ಅನ್ವಯಿಸುತ್ತಿರಲಿಲ್ಲ. ಅನಂತಪುರದ ನೆಲಕ್ಕೆ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರ್. ಅದೂ ಕೈಕೊಟ್ಟ ವರ್ಷ ಗಂಡಸರಿಗೂ ಇಚ್ಛೆ ಎಂಬುದಿಲ್ಲ.

ಹೋಟೆಲಿನ ಕತೆಯೂ ಅಷ್ಟೇ. ನಮ್ಮ ಜಿಲ್ಲೆ 1953ರವರೆಗೆ ಮದ್ರಾಸಿಗೆ ಸೇರಿತ್ತು. ಆ ಪ್ರಾಂತ್ಯದ ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಪಂಕ್ತಿ, ಬೇರೆ ಬೋರ್ಡು. 1950ರ ಸಂವಿಧಾನ 15ನೇ ವಿಧಿಯಲ್ಲಿ ಅಂಗಡಿ, ಹೋಟೆಲುಗಳನ್ನು ಹೆಸರಿಸಿಯೇ, ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಕೂಡದು ಎಂದಿತು. ಹೆಣ್ಣು ಗಂಡೆಂಬ ಕಾರಣಕ್ಕೂ. ಹಾಗೆಂದ ಮೇಲೂ ಹಳ್ಳಿಯ ಟೀ ಅಂಗಡಿಯ ಸೂರಿಗೆ ಸಿಕ್ಕಿಸಿಟ್ಟ ಬೇರೆ ಲೋಟವನ್ನು ಕಣ್ಣಾರೆ ನೋಡಿದ್ದೇನೆ. ಯಾರ ಊಟ, ಯಾರ ಇಚ್ಛೆ ಎಂದು ಕೇಳದೆ ಈ ಗಾದೆಗೆ ಅರ್ಥ ಬರೆದರೆ ಅದಕ್ಕೆ ಅರ್ಧ ಅಂಕ ಸಾಕು. ಪೂರ್ತಿ ಕೊಟ್ಟದ್ದು ನನ್ನ ತಪ್ಪು.

ಮುದ್ದೆ ಬಂತು. ಇಲ್ಲಿ ಸಂಗಟಿ ಎನ್ನುವವರೂ ಇದ್ದಾರೆ. ಅಕ್ಕಿ ಬೆರೆಸಿ ತೊಳಸಿದ್ದರಿಂದ ಬೆರಳಿಗೆ ಅಲ್ಲಲ್ಲಿ ಅಗುಳು ಸಿಗುತ್ತದೆ. ಜೊತೆಗೆ ಸೊಪ್ಪಿನ ಪಪ್ಪು, ಕಡಲೇಕಾಯಿ ಚಟ್ನಿ. ಹುಡುಗ ಮುದ್ದೆಯ ನೆತ್ತಿಗೆ ಗುಳಿ ಮಾಡಿ ಒಂದು ಚಮಚ ತುಪ್ಪ ಹಾಕಿದ. ಗಟ್ಟಿ ತುಪ್ಪ ಬಿಸಿಗೆ ಕರಗಿ, ಗುಳಿ ತುಂಬಿ, ಒಂದು ಕಡೆಯಿಂದ ಮೆಲ್ಲಗೆ ಇಳಿಯುವವರೆಗೂ ನೋಡುತ್ತಾ ಕೂತೆ. ಗಂಟೆ ಹೊಡೆಯುವುದರೊಳಗೆ ಡಬ್ಬಿ ಖಾಲಿ ಮಾಡಿ ಮುಂದಿನ ಪೀರಿಯಡ್ಡಿಗೆ ಓಡುತ್ತಿದ್ದವಳು ನಾನು.

ಎದುರು ಟೇಬಲ್ಲಿನ ಇಬ್ಬರು ತಿರುಗಿ ತಿರುಗಿ ನೋಡಿದರು. ನೋಟ ಎಂದರೆ ನಾವು ಕಾಣುವ ಬಗೆ ಎಂದಷ್ಟೇ ಪಾಠ ಮಾಡಿದ್ದೆ. ಅವರ ಕಣ್ಣು ಎಂದೂ ಆಗುತ್ತದಲ್ಲ! ನೋಡುವುದು, ಬಿಡುವುದು ಪರರಿಚ್ಛೆ. ಅವರ ಕಣ್ಣಿನ ಕೆಲಸಕ್ಕೂ ನನ್ನ ತಟ್ಟೆಗೂ ಲೇವಾದೇವಿ ಇಲ್ಲ. ಗಾದೆ ಎರಡಕ್ಕೂ ಒಪ್ಪುತ್ತದೆ. ನನಗೆ ಇದೇ ಹೆಚ್ಚು ಹಿಡಿಸಿತು.

ಇನ್ನು ಈ ಜೂನ್ 1 ಎಂಬುದೂ ಪರರಿಚ್ಛೆಯೇ. ಶಾಲೆಗೆ ಸೇರಿಸಿದ ದಿನ ಮೇಷ್ಟ್ರು ಅಂದಾಜಿನಲ್ಲಿ ಬರೆದುಕೊಂಡ ತಾರೀಕು ಅದು. ನನ್ನ ಓರಗೆಯ ಎಷ್ಟೋ ಜನ ಅದೇ ದಿನ ಹುಟ್ಟಿದ್ದಾರೆ! ಅಮ್ಮನ ಲೆಕ್ಕದಲ್ಲಿ ನಾನು ಹುಟ್ಟಿದ್ದು ದೀಪಾವಳಿ ಕಳೆದು ಕಡಲೇಕಾಯಿ ಕೀಳುವಾಗ. ಅದನ್ನು ನಂಬಿದರೆ ನನಗಿನ್ನೂ ಐದು ತಿಂಗಳ ಸರ್ವೀಸ್ ಬಾಕಿ ಇತ್ತು.

“ಇನ್ನೊಂದು ಮುದ್ದೆ ಹಾಕ್ಲಾ ಅಮ್ಮಾ?” ಹುಡುಗ ಈ ಸಲ ಕನ್ನಡದಲ್ಲೇ ಕೇಳಿದ. “ಅರ್ಧ ಸಾಕು” ಎನ್ನುವುದು ನನ್ನ ಬಾಯಿಗೆ ರೂಢಿಯಾದ ಮಾತು. ಇಡೀ ಮುದ್ದೆ ಹಾಕಿಸಿಕೊಂಡೆ.