ಮೀಕಾಯೇಲನು ಆಡದೆ ಬಿಟ್ಟ ಮಾತು

ಹೊಸ ಒಡಂಬಡಿಕೆಯ ಕೊನೆಗೆ, ಪ್ರಕಟನೆ ಗ್ರಂಥಕ್ಕೆ ಮುಂಚೆ ಯೂದನ ಪತ್ರವಿದೆ. ಒಂದೇ ಅಧ್ಯಾಯ, 25 ವಚನ. ಅದರ ಒಂಬತ್ತನೆಯ ವಚನದ ಸಾರ ಇಷ್ಟು: ಮೋಶೆಯ ಶವದ ವಿಷಯವಾಗಿ ಸೈತಾನನೊಡನೆ ವಾಗ್ವಾದ ನಡೆದಾಗ ಪ್ರಧಾನ ದೂತನಾದ ಮೀಕಾಯೇಲನು ಅವನನ್ನು ದೂಷಿಸಿ ತೀರ್ಪು ಹೇಳಲು ಮುಂದಾಗಲಿಲ್ಲ, ಗದರಿಸುವ ಕೆಲಸವನ್ನು ಕರ್ತನಿಗೇ ಬಿಟ್ಟನು. ಪ್ರಧಾನ ದೂತರು ಯಾರು, ಅವರ ಕೆಲಸವೇನು ಎಂಬ ಪ್ರಶ್ನೆಗೆ ಜನ ಸಾಮಾನ್ಯವಾಗಿ ಅವರ ಕತ್ತಿಯಲ್ಲಿ, ರೆಕ್ಕೆಯಲ್ಲಿ, ಸಂಖ್ಯೆಯಲ್ಲಿ ಉತ್ತರ ಹುಡುಕುತ್ತಾರೆ. ನನ್ನ ಪ್ರಕಾರ ಉತ್ತರ ಇರುವುದು ಈ ವಚನದಲ್ಲಿ. ಎದುರಾಳಿ ಸೈತಾನನೇ ಆಗಿದ್ದರೂ ತೀರ್ಪಿನ ಮಾತು ತನ್ನದಲ್ಲ ಎಂದು ತಿಳಿದಿರುವುದೇ ಪ್ರಧಾನ ದೂತನ ಗುರುತು, ಅದೇ ಅವನ ಹಿರಿಮೆ.

ಮೊದಲು ಆಧಾರಗಳನ್ನು ನೋಡೋಣ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ಬಳ್ಳಾರಿಯಲ್ಲಿ ಕೂತು ಬೈಬಲನ್ನು ಕನ್ನಡಕ್ಕೆ ತಂದು ಎರಡು ಶತಮಾನವಾಗುತ್ತ ಬಂತು. ಅಂದಿನಿಂದ ಕನ್ನಡಿಗರು ಓದುತ್ತ ಬಂದ ಹೊಸ ಒಡಂಬಡಿಕೆಯಲ್ಲಿ ಪ್ರಧಾನ ದೂತನೆಂಬ ಪದವಿಯ ಪ್ರಸ್ತಾಪ ಇರುವುದು ಎರಡೇ ಕಡೆ: ಯೂದನ ಈ ವಚನದಲ್ಲಿ, ಮತ್ತೆ ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ. ಹೆಸರು ಹಿಡಿದು ಆ ಪದವಿ ಸಿಕ್ಕಿರುವುದು ಮೀಕಾಯೇಲನೊಬ್ಬನಿಗೆ. ಗಬ್ರಿಯೇಲನು ದೇವರ ಸನ್ನಿಧಿಯಲ್ಲಿ ನಿಲ್ಲುವವನೆಂದು ಲೂಕನ ಸುವಾರ್ತೆಯಲ್ಲಿ ತಾನೇ ಹೇಳಿಕೊಳ್ಳುತ್ತಾನೆ, ಆದರೆ ಅಲ್ಲಿ ಈ ಬಿರುದಿಲ್ಲ. ರಫಾಯೇಲನು ಸನ್ನಿಧಿಯ ಏಳು ದೂತರಲ್ಲಿ ಒಬ್ಬನಾಗಿ ಬರುವುದು ತೋಬಿತನ ಗ್ರಂಥದಲ್ಲಿ. ಅದು ಕಥೋಲಿಕರ ಬೈಬಲಿನಲ್ಲಿದೆ, ಪ್ರಾಟೆಸ್ಟೆಂಟರ ಸತ್ಯವೇದದಲ್ಲಿ ಇಲ್ಲ. ಉರಿಯೇಲ ಮೊದಲಾದ ಹೆಸರುಗಳು ಹನೋಕನ ಹೆಸರಿನ ಗ್ರಂಥದಂಥ ಹೊರಗಿನ ಬರಹಗಳಿಂದ ಬಂದವು. ಅಂಥ ಹೆಸರುಗಳನ್ನು ಕರೆದು ಪ್ರಾರ್ಥಿಸುವುದನ್ನು 745ರ ರೋಮಿನ ಸಭೆ ತಡೆಯಿತು. ಅಂದರೆ ಶಾಸ್ತ್ರ ದೂತರ ವಂಶಾವಳಿ ಕೊಡುವುದಿಲ್ಲ. ಅವರು ನಡೆದುಕೊಂಡ ರೀತಿಯನ್ನಷ್ಟೇ ತೋರಿಸುತ್ತದೆ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವಿದೆ. ಮೀಕಾಯೇಲನೆಂದರೆ ಬೇರೆ ಯಾರೂ ಅಲ್ಲ, ಕ್ರಿಸ್ತನೇ ಎಂದು ಯೆಹೋವನ ಸಾಕ್ಷಿಗಳು ಹೇಳುತ್ತಾರೆ. ಕ್ರಿಸ್ತನ ದೈವತ್ವವನ್ನು ಪೂರ್ತಿ ಒಪ್ಪಿಕೊಂಡೇ ಅಡ್ವೆಂಟಿಸ್ಟರೂ ಇಬ್ಬರನ್ನು ಒಬ್ಬನೆನ್ನುತ್ತಾರೆ. ಕರ್ತನು ಪ್ರಧಾನ ದೂತನ ಧ್ವನಿಯೊಡನೆ ಇಳಿದು ಬರುವನೆಂಬ ಥೆಸಲೋನಿಕದ ಮಾತು ಅವರ ಆಧಾರ. ಆದರೆ ಅದೇ ವಾಕ್ಯದಲ್ಲಿ ದೇವರ ತುತೂರಿಯ ಶಬ್ದವೂ ಇದೆ. ತುತೂರಿ ಕೇಳಿಸಿತೆಂದು ಬರುವವನನ್ನೇ ತುತೂರಿಯವನೆಂದು ಯಾರೂ ಹೇಳುವುದಿಲ್ಲ. ಅರಸನ ಮುಂದೆ ಘೋಷಿಸುವವರು ಇರುತ್ತಾರೆ. ದಾನಿಯೇಲನ ಹತ್ತನೆಯ ಅಧ್ಯಾಯ ಮೀಕಾಯೇಲನನ್ನು ಮುಖ್ಯ ಅಧಿಪತಿಗಳಲ್ಲಿ ಒಬ್ಬನೆಂದು ಕರೆಯುತ್ತದೆ, ಅಂದರೆ ಅವನಿಗೆ ಸಮಾನರಿದ್ದಾರೆ. ಇಬ್ರಿಯರಿಗೆ ಬರೆದ ಪತ್ರದ ಮೊದಲ ಅಧ್ಯಾಯವಂತೂ ಮಗನನ್ನು ಎಲ್ಲ ದೂತರಿಂದ ಬೇರ್ಪಡಿಸುವುದಕ್ಕೇ ಮೀಸಲು. ಎಲ್ಲಕ್ಕಿಂತ ಸ್ಪಷ್ಟವಾದ ಸಾಕ್ಷಿ ಯೂದನದೇ. ಅರಣ್ಯದಲ್ಲಿ ಯೇಸು ಸೈತಾನನಿಗೆ ತೊಲಗು ಎಂದು ನೇರವಾಗಿ ಅಪ್ಪಣೆ ಮಾಡುತ್ತಾನೆ. ತೀರ್ಪೆಲ್ಲ ಮಗನಿಗೆ ಒಪ್ಪಿಸಲಾಗಿದೆ ಎಂದು ಯೋಹಾನನ ಸುವಾರ್ತೆ ಹೇಳುತ್ತದೆ. ಅದೇ ಸೈತಾನನ ಎದುರಿಗೆ ಮೀಕಾಯೇಲನು ತೀರ್ಪನ್ನು ಮೇಲಕ್ಕೆ ಒಪ್ಪಿಸುತ್ತಾನೆ. ಒಬ್ಬನದು ಒಡೆಯನ ಮಾತು, ಇನ್ನೊಬ್ಬನದು ಸೇವಕನ ಮಾತು.

ಯೂದನ ಈ ಪ್ರಸಂಗವೇ ಹಳೆಯ ಒಡಂಬಡಿಕೆಯಲ್ಲಿಲ್ಲವಲ್ಲ, ಅದರ ಮೇಲೆ ಸಿದ್ಧಾಂತ ಕಟ್ಟಬಹುದೇ ಎಂದು ಇನ್ನೊಬ್ಬರು ಕೇಳಬಹುದು. ನಿಜ, ಧರ್ಮೋಪದೇಶಕಾಂಡದ ಕೊನೆಯಲ್ಲಿ ಮೋಶೆಯ ಸಮಾಧಿ ಯಾರಿಗೂ ಗೊತ್ತಿಲ್ಲ ಎಂದಷ್ಟೇ ಇದೆ. ಈ ವಾಗ್ವಾದ ಮೋಶೆಯ ಆರೋಹಣವೆಂಬ ಹೊರಗಿನ ಗ್ರಂಥದ್ದೆಂದು ಮೂರನೆಯ ಶತಮಾನದಲ್ಲೇ ಒರಿಗೆನನು ಗುರುತಿಸಿದ್ದ. ಆದರೆ ಕಥೆ ಎಲ್ಲಿಂದ ಬಂದರೂ ಅದರ ತಿರುಳು ಶಾಸ್ತ್ರದ ಒಳಗಿನದೇ. ಜೆಕರ್ಯನ ಮೂರನೆಯ ಅಧ್ಯಾಯದಲ್ಲಿ ಮಹಾಯಾಜಕ ಯೆಹೋಶುವನು ಕೊಳಕು ಬಟ್ಟೆಯಲ್ಲಿ ದೂತನ ಮುಂದೆ ನಿಂತಿದ್ದಾನೆ, ಬಲಗಡೆಯಲ್ಲಿ ಸೈತಾನನು ದೂರು ಹೇಳಲು ನಿಂತಿದ್ದಾನೆ. ಅಲ್ಲಿಯೂ ಸೈತಾನನನ್ನು ಗದರಿಸಬೇಕಾದವನು ಯೆಹೋವನೇ. ಪೇತ್ರನ ಎರಡನೆಯ ಪತ್ರವೂ ಹೆಸರಿಲ್ಲದೆ ಇದೇ ನೀತಿಯನ್ನು ಹೇಳುತ್ತದೆ: ಬಲದಲ್ಲಿ ಹೆಚ್ಚಿನವರಾದ ದೂತರೇ ದೂಷಣೆಯ ತೀರ್ಪು ತರುವುದಿಲ್ಲ. ಹೀಗಾಗಿ ನಮ್ಮ ವಾದ ನಿಂತಿರುವುದು ಒಂಟಿ ಕಂಬದ ಮೇಲಲ್ಲ.

ಹಾಗಾದರೆ ಪ್ರಕಟನೆಯ ಹನ್ನೆರಡನೆಯ ಅಧ್ಯಾಯದ ಯುದ್ಧ? ಅಲ್ಲಿ ಮೀಕಾಯೇಲನೂ ಅವನ ದೂತರೂ ಘಟಸರ್ಪವನ್ನು ಪರಲೋಕದಿಂದ ಕೆಳಕ್ಕೆ ದೊಬ್ಬುತ್ತಾರೆ. ಚರ್ಚುಗಳಲ್ಲಿ ಅವನ ಪ್ರತಿಮೆ ಸೈತಾನನನ್ನು ಮೆಟ್ಟಿ ನಿಂತಿರುವುದೂ ಆ ದೃಶ್ಯದಿಂದಲೇ. ಆದರೆ ಯುದ್ಧ ಮುಗಿದ ಕೂಡಲೇ ಕೇಳಿಸುವ ಘೋಷಣೆ ಮೀಕಾಯೇಲನ ಹೆಸರೆತ್ತುವುದಿಲ್ಲ. ಜಯವನ್ನು ದೇವರಿಗೂ ಆತನ ಕ್ರಿಸ್ತನಿಗೂ ಸಲ್ಲಿಸುತ್ತದೆ, ಭಕ್ತರು ಗೆದ್ದದ್ದು ಕುರಿಮರಿಯ ರಕ್ತದಿಂದ ಎನ್ನುತ್ತದೆ. ನಮ್ಮ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಿಷ್ಣು ದೇಗುಲಗಳಲ್ಲಿ ಜಯವಿಜಯರು ಎಷ್ಟೇ ಎತ್ತರಕ್ಕೆ ಗದೆ ಹಿಡಿದು ನಿಂತರೂ ಭಕ್ತನ ಕಣ್ಣು ಗರ್ಭಗುಡಿಯ ಕಡೆಗೇ. ದೂತರಿಗೆ ಗೌರವ ಸಲ್ಲಿಸುವುದು ತಪ್ಪೆಂದು ಇದರ ಅರ್ಥವಲ್ಲ. ಬೆಂಗಳೂರಿನ ಇಂದಿರಾನಗರದಲ್ಲಿ ಸಂತ ಮಿಕೇಲರ ಹೆಸರಿನ ಚರ್ಚಿದೆ. ಸೆಪ್ಟೆಂಬರ್ 29ರಂದು ಕಥೋಲಿಕರು ಮಿಕೇಲ, ಗಬ್ರಿಯೇಲ, ರಫಾಯೇಲ ಮೂವರ ಹಬ್ಬವನ್ನೂ ಒಟ್ಟಿಗೆ ಆಚರಿಸುತ್ತಾರೆ. ಗೌರವ ಆರಾಧನೆಯಾಗಿ ಬದಲಾದಾಗ ಮಾತ್ರ ದೂತನೇ ತಡೆಯುತ್ತಾನೆ. ಪ್ರಕಟನೆಯಲ್ಲಿ ಯೋಹಾನನು ದೂತನ ಕಾಲಿಗೆ ಎರಡು ಸಲ ಬೀಳುತ್ತಾನೆ. ಎರಡು ಸಲವೂ ದೂತನು ತಾನೂ ಜೊತೆ ಸೇವಕನೆಂದು ಹೇಳಿ, ದೇವರಿಗೇ ನಮಸ್ಕರಿಸುವಂತೆ ತಿದ್ದುತ್ತಾನೆ.

ಯೂದನು ಈ ಮಾತನ್ನು ಪಂಡಿತರ ಚರ್ಚೆಗೆ ಬರೆಯಲಿಲ್ಲ. ಸಭೆಯೊಳಗೆ ನುಸುಳಿ, ಅಧಿಕಾರವನ್ನು ಧಿಕ್ಕರಿಸಿ, ತಮಗೆ ತಿಳಿಯದ ಮಹಿಮೆಯನ್ನು ಬೈಯುತ್ತಿದ್ದವರ ಬಾಯಿಗೆ ಕಡಿವಾಣ ಹಾಕಲು ಬರೆದ. ಅದು ಇಂದಿಗೂ ಬೇಕಾದ ಕಡಿವಾಣ. ಪ್ರಾರ್ಥನಾ ಕೂಟಗಳಲ್ಲಿ ಮೈಕು ಹಿಡಿದು ಸೈತಾನನಿಗೆ ಸವಾಲು ಹಾಕುವವರು, ದೂತರನ್ನು ಆಳುಗಳಂತೆ ಅಲ್ಲಿಗೆ ಇಲ್ಲಿಗೆ ಕಳಿಸುವವರು ಈ ವಚನವನ್ನು ನಿಧಾನವಾಗಿ ಓದಬೇಕು. ಶಿಷ್ಯರಿಗೆ ದೆವ್ವಗಳ ಮೇಲೆ ಅಧಿಕಾರ ಕೊಟ್ಟಿಲ್ಲವೇ ಎಂದು ಅವರು ಕೇಳಿಯಾರು. ಕೊಟ್ಟಿದೆ, ಆದರೆ ಅದು ಯೇಸುವಿನ ಹೆಸರಿನಲ್ಲಿ ನಡೆಯುವ ಅಧಿಕಾರ. ದೆವ್ವಗಳು ಅಧೀನವಾದವೆಂದು ಹಿಗ್ಗಬೇಡಿ ಎಂಬ ಎಚ್ಚರಿಕೆಯೂ ಲೂಕನ ಹತ್ತನೆಯ ಅಧ್ಯಾಯದಲ್ಲಿ ಅದರ ಬೆನ್ನಿಗೇ ಇದೆ. ಮೀಕಾಯೇಲನು ಹಿಂಜರಿದದ್ದು ಅಂಜಿಕೆಯಿಂದಲ್ಲ. ಯುದ್ಧಕ್ಕೆ ಇಳಿಯಬಲ್ಲವನು ಅಂಜುಬುರುಕನಲ್ಲ. ಅವನು ತನ್ನ ಮೇರೆಯನ್ನು ಬಲ್ಲವನು. ಸೈತಾನನ ಮೇಲೆಯೇ ತೀರ್ಪು ಹೇಳಲು ಪ್ರಧಾನ ದೂತನು ತಡೆದುಕೊಂಡಿರುವಾಗ, ನೆರೆಯವನ ಮೇಲೆ, ಬೇರೆ ಸಭೆಯವನ ಮೇಲೆ, ಬೇರೆ ಧರ್ಮದವನ ಮೇಲೆ ನರಕದ ತೀರ್ಪು ಹೇಳುವ ಹಕ್ಕು ಯಾವ ಬೋಧಕನಿಗೂ ಬರುವುದಿಲ್ಲ.